ಐದನೆಯ ತರಗತಿಯ ಆಚೆಗಿನ ದಾರಿ: ಮೂಡುಬಿದಿರೆಯ ಸುತ್ತ ಶಾಲೆ ಹುಡುಕುವವರು

ಮಂಗಳೂರಿನಿಂದ ಈಶಾನ್ಯಕ್ಕೆ ಹೊರಡುವ ರಾಷ್ಟ್ರೀಯ ಹೆದ್ದಾರಿ 169 ಗುರುಪುರದಲ್ಲಿ ಫಲ್ಗುಣಿ ನದಿಯನ್ನು ದಾಟಿ, ಕೈಕಂಬ, ಗಂಜಿಮಠ, ಎಡಪದವು, ಮಿಜಾರುಗಳ ಏರಿಳಿತಗಳನ್ನು ಹಾದು, ಸುಮಾರು 35 ಕಿಲೋಮೀಟರಿನ ಬಳಿಕ ಮೂಡುಬಿದಿರೆಯನ್ನು ಮುಟ್ಟುತ್ತದೆ. ಹದಿನೆಂಟು ಬಸದಿಗಳಿರುವ ಈ ಊರು ಜೈನಕಾಶಿಯೆಂದು ಹೆಸರಾದದ್ದು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ, ಚೌಟರ ಅರಮನೆಯ ಮರಗೆತ್ತನೆ, ಕವಿ ರತ್ನಾಕರವರ್ಣಿಯ ನೆನಪು ಇವು ಯಾತ್ರಿಕರನ್ನೂ ವಿದ್ವಾಂಸರನ್ನೂ ತಲೆಮಾರುಗಳಿಂದ ಇಲ್ಲಿಗೆ ಕರೆತಂದಿವೆ. ಕಳೆದ ಮೂರು ದಶಕಗಳಲ್ಲಿ ಇವರೊಡನೆ ಮತ್ತೊಂದು ಬಗೆಯ ಯಾತ್ರಿಕರು ಸೇರಿಕೊಂಡಿದ್ದಾರೆ. ಅವರ ಕೈಯಲ್ಲಿ ಹಣ್ಣುಕಾಯಿಯ ಬದಲು ಮಗುವಿನ ಅಂಕಪಟ್ಟಿ, ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿರುವ ಪ್ಲಾಸ್ಟಿಕ್ ಫೈಲು ಇರುತ್ತದೆ. ಮಗುವನ್ನು ಮುಂದೆ ಯಾವ ಶಾಲೆಯಲ್ಲಿ ಓದಿಸುವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಂದ ತಂದೆತಾಯಿಯರು ಇವರು. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಎಂಬ ಮೂರು ತಾಲ್ಲೂಕುಗಳ ರಸ್ತೆಗಳನ್ನು ಹಿಡಿದು ಹೋದಂತೆ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ.

ಪ್ರಶ್ನೆಯ ಹಿನ್ನೆಲೆಯನ್ನು ಅರಿಯಲು ಕರ್ನಾಟಕದ ಶಾಲಾ ಹಂತಗಳನ್ನು ನೋಡಬೇಕಾಗುತ್ತದೆ. ಒಂದರಿಂದ ಐದನೆಯ ತರಗತಿಯವರೆಗಿನದು ಕಿರಿಯ ಪ್ರಾಥಮಿಕ ಹಂತ, ಆರು ಮತ್ತು ಏಳು, ಕೆಲವು ಶಾಲೆಗಳಲ್ಲಿ ಎಂಟರವರೆಗೆ, ಹಿರಿಯ ಪ್ರಾಥಮಿಕ, ಹತ್ತರವರೆಗೆ ಪ್ರೌಢಶಾಲೆ, ಅನಂತರ ಎರಡು ವರ್ಷಗಳ ಪದವಿಪೂರ್ವ, ಅಂದರೆ ಪಿಯುಸಿ. ಒಂದು ಕಾಲಕ್ಕೆ ಹೆತ್ತವರ ಆಯ್ಕೆ ಎನ್ನುವುದು ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಮಾತ್ರ ಬರುತ್ತಿತ್ತು. ವೃತ್ತಿಶಿಕ್ಷಣಕ್ಕೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ, ಜನರ ಮಾತಿನಲ್ಲಿ ಸಿಇಟಿ, 1994ರಲ್ಲಿ ಆರಂಭವಾಯಿತು. ವೈದ್ಯಕೀಯ ಶಿಕ್ಷಣಕ್ಕೆ ದೇಶವ್ಯಾಪಿಯಾದ ನೀಟ್ ಪರೀಕ್ಷೆ 2013ರಲ್ಲಿ ಮೊದಲು ನಡೆದು 2016ರಿಂದ ನೆಲೆಯೂರಿತು. ಇವುಗಳ ಒತ್ತಡ ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕಿಳಿಯಿತು: ನೀಟ್‌ಗೆ ಒಳ್ಳೆಯ ಪಿಯು ಕಾಲೇಜು ಬೇಕು, ಆ ಕಾಲೇಜಿಗೆ ಹತ್ತರಲ್ಲಿ ಒಳ್ಳೆಯ ಅಂಕ ಬೇಕು, ಆ ಅಂಕಕ್ಕೆ ಒಳ್ಳೆಯ ಪ್ರೌಢಶಾಲೆ ಬೇಕು, ಆ ಪ್ರೌಢಶಾಲೆಗೆ ಆರನೆಯ ತರಗತಿಯಲ್ಲೇ ಸೇರಿಕೊಳ್ಳಬೇಕು. ಹೀಗೆ ಹದಿನೆಂಟರ ಹರೆಯದಲ್ಲಿ ಎದುರಾಗಬೇಕಾದ ಸ್ಪರ್ಧೆ ಹತ್ತರ ಪ್ರಾಯದ ಮಗುವಿನ ಮುಂದೆ ಬಂದು ನಿಂತಿದೆ.

ಈ ಇಳಿಕೆಯ ಕೊನೆಯ ಮೆಟ್ಟಿಲು ಬರಿಗಣ್ಣಿಗೆ ಕಾಣುವುದು ಬೇಸಿಗೆ ಕಾಲಿಡುವ ಹೊತ್ತಿನಲ್ಲಿ, ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಕನ್ನಡ ಮಾಧ್ಯಮ ಶಾಲೆಯ ಪ್ರವೇಶ ಪರೀಕ್ಷೆಯ ದಿನ. ಡಾ. ಎಂ. ಮೋಹನ ಆಳ್ವರು 1995ರಲ್ಲಿ ಕಟ್ಟಿದ ಈ ಪ್ರತಿಷ್ಠಾನದ ಹತ್ತಾರು ಸಂಸ್ಥೆಗಳ ನಡುವೆ ಕನ್ನಡ ಮಾಧ್ಯಮ ಶಾಲೆಗೆ ಒಂದು ವಿಶೇಷವಿದೆ: ಪರೀಕ್ಷೆಯಲ್ಲಿ ಆಯ್ಕೆಯಾದ ಮಕ್ಕಳಿಗೆ ಅಲ್ಲಿ ಶಿಕ್ಷಣ, ಊಟ, ವಸತಿ ಎಲ್ಲವೂ ಉಚಿತ. ಆರನೆಯ ತರಗತಿಯಿಂದ ಮೇಲಿನ ಸೀಮಿತ ಸ್ಥಾನಗಳಿಗಾಗಿ ರಾಜ್ಯದ ಮೂಲೆಮೂಲೆಗಳಿಂದ ಸಾವಿರಾರು ಮಕ್ಕಳು ಬಂದು ಪರೀಕ್ಷೆ ಬರೆಯುತ್ತಾರೆ. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರುಗಳ ಕಡೆಯಿಂದ ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ಕುಟುಂಬಗಳು ಬೆಳಗಿನ ಜಾವ ಬಸ್ಸಿನಿಂದಿಳಿದು, ನಲ್ಲಿಯ ನೀರಿನಲ್ಲಿ ಮುಖ ತೊಳೆದು, ಬುತ್ತಿಯ ರೊಟ್ಟಿ ಚಟ್ನಿಪುಡಿಯನ್ನು ಮಗುವಿಗೆ ತಿನ್ನಿಸುತ್ತವೆ. ಮಗು ಬರೆಯುವ ರಟ್ಟಿನ ಕ್ಲಿಪ್ಪಿಗೆ ಪ್ರವೇಶಪತ್ರವನ್ನು ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಲ್ಲುತ್ತದೆ. ತಾಯಿ ಸೆರಗಿನ ತುದಿಯಿಂದ ಅದರ ಬಾಯಿ ಒರೆಸಿ, ಗಡಿಬಿಡಿ ಮಾಡದೆ ಬರೆ ಎಂದು ಹೇಳಿ ಕಳುಹಿಸುತ್ತಾಳೆ. ಆಮೇಲೆ ಮರದ ನೆರಳಿನಲ್ಲಿ ಕುಳಿತ ಗಂಡಸರ ನಡುವೆ ಮಾತು ಒಂದೇ ವಿಷಯವನ್ನು ಸುತ್ತುತ್ತದೆ: ಯಾರ ಊರಿನ ಯಾವ ಹುಡುಗ ಇಲ್ಲಿ ಓದಿ ಏನಾದ, ಇಲ್ಲಿ ಸಿಗದಿದ್ದರೆ ಮುಂದೇನು.

ಇಷ್ಟು ದೂರದಿಂದ ಜನ ಬರುವುದರ ಕಾರಣ ಹುಡುಕಲು ಬಹಳ ಕಷ್ಟಪಡಬೇಕಿಲ್ಲ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ಶೇಕಡ 91.12 ತೇರ್ಗಡೆಯೊಂದಿಗೆ ದಕ್ಷಿಣ ಕನ್ನಡ ರಾಜ್ಯದ ಮೊದಲ ಸ್ಥಾನದಲ್ಲಿದ್ದರೆ, ಕಲಬುರಗಿ ಶೇಕಡ 42.43ರೊಂದಿಗೆ ಕೊನೆಯಲ್ಲಿತ್ತು. ಒಂದೇ ರಾಜ್ಯದ, ಒಂದೇ ಪಠ್ಯಪುಸ್ತಕದ, ಒಂದೇ ಪ್ರಶ್ನೆಪತ್ರಿಕೆಯ ಎರಡು ಜಿಲ್ಲೆಗಳ ನಡುವಿನ ಈ ಅಂತರ ಮಕ್ಕಳ ಬುದ್ಧಿಯದಲ್ಲ. ಪ್ರಾದೇಶಿಕ ಅಸಮತೋಲನವನ್ನು ತಾಲ್ಲೂಕುವಾರು ಅಳೆದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ತೋರಿಸಿದ ಕೊರತೆಗಳ ಸಂತಾನ ಅದು. ಸುಗ್ಗಿ ಮುಗಿದೊಡನೆ ಕೂಲಿಗಾಗಿ ಊರು ಬಿಡುವ ಮನೆಯ ಮಗುವಿಗೆ ವರ್ಷವಿಡೀ ಒಂದೇ ಕಡೆ ನಿಂತು ಓದುವ ಅವಕಾಶವೇ ದೊಡ್ಡದು. ವಸತಿ ಶಾಲೆಯೊಂದರ ನಾಲ್ಕು ಗೋಡೆಗಳೊಳಗೆ ಹೊತ್ತುಹೊತ್ತಿಗೆ ಊಟ, ಸಂಜೆ ಓದಲು ಬೆಳಕು, ಸಂಶಯ ಬಂದರೆ ಕೇಳಲು ಗುರುಗಳು ಇದ್ದಾರೆಂಬ ಭರವಸೆ ಆ ತಂದೆತಾಯಿಯರನ್ನು ನೂರಾರು ಮೈಲಿ ಎಳೆದು ತರುತ್ತದೆ. ಅಂಥವರ ಆಸೆಯನ್ನು ಅಂಕದ ಹುಚ್ಚು ಎಂದು ತಳ್ಳಿಹಾಕುವುದು ಅನ್ಯಾಯ.

ಆದರೂ ಸಂಜೆಯ ಹೊತ್ತಿಗೆ ಬಸ್ಸು ಹತ್ತುವವರಲ್ಲಿ ಹೆಚ್ಚಿನವರ ಮಗುವಿಗೆ ಸ್ಥಾನ ಸಿಗುವುದಿಲ್ಲವೆಂಬುದು ಮೊದಲೇ ಗೊತ್ತಿರುವ ಲೆಕ್ಕ. ಸ್ಥಾನಗಳು ಎಷ್ಟಿವೆಯೋ ಅಷ್ಟೇ ಮಕ್ಕಳನ್ನು ಯಾವ ಸಂಸ್ಥೆಯಾದರೂ ತೆಗೆದುಕೊಳ್ಳಬಲ್ಲದು; ಉದಾರವಾದ ಒಂದು ಖಾಸಗಿ ಸಂಸ್ಥೆ ತನ್ನ ಶಕ್ತಿಯಿದ್ದಷ್ಟು ಮಾಡುತ್ತಿರುವುದಕ್ಕೆ ಅದನ್ನು ದೂರುವಂತಿಲ್ಲ. ಸಿಗದೆ ಹಿಂದಿರುಗುವ ಮಗು ಯಾವ ಶಾಲೆಗೆ ಹಿಂದಿರುಗುತ್ತದೆ ಎಂಬುದನ್ನು ವಿಚಾರಿಸಬೇಕಾದದ್ದು ಸಮಾಜ ಮತ್ತು ಸರ್ಕಾರ. ಮೂಡುಬಿದಿರೆಯ ರಸ್ತೆಗಳಲ್ಲಿ ಸಂಚರಿಸುವಾಗ ಮತ್ತೆ ಮತ್ತೆ ತಲೆಯೆತ್ತುವ ವಿಷಯ ಇದೇ.

ಊರಿನ ಗುರು ಬಸದಿ, ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರಿನಿಂದಲೂ ಪ್ರಸಿದ್ಧವಾದದ್ದು, ಈ ವಿಷಯಕ್ಕೆ ಅನಿರೀಕ್ಷಿತವಾದ ಒಂದು ಬೆಳಕನ್ನು ಬೀರುತ್ತದೆ. ದಿಗಂಬರ ಜೈನರ ಪರಮಾಗಮವಾದ ಷಟ್ಖಂಡಾಗಮ, ಅದಕ್ಕೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆ, ಜಯಧವಲಾ ಮೊದಲಾದ ಗ್ರಂಥಗಳ ತಾಳೆಗರಿಯ ಪ್ರತಿಗಳು ಶತಮಾನಗಳ ಕಾಲ ಉಳಿದದ್ದು ಈ ಬಸದಿಯಲ್ಲಿ. ಪ್ರಾಕೃತ ಮತ್ತು ಸಂಸ್ಕೃತ ಭಾಷೆಗಳ ಈ ಗ್ರಂಥಗಳನ್ನು ಹಳಗನ್ನಡ ಲಿಪಿಯಲ್ಲಿ ಬರೆಯಲಾಗಿದ್ದು, ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಭಕ್ತರು ಕೈಮುಗಿದು ಹೋಗುತ್ತಿದ್ದರೇ ಹೊರತು ಓದುವ ಅವಕಾಶ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಕಾಪಾಡಿದವರ ಶ್ರದ್ಧೆ ಎಷ್ಟು ದೊಡ್ಡದೋ ಪ್ರತಿ ಮಾಡಿ ಹಂಚಿದವರ ಶ್ರದ್ಧೆಯೂ ಅಷ್ಟೇ ದೊಡ್ಡದು. ಒಳ್ಳೆಯ ಶಾಲೆಗಳೂ ಇಂದು ಬಹುಮಂದಿಗೆ ದರ್ಶನಕ್ಕಷ್ಟೇ ದೊರೆಯುತ್ತಿವೆ. ಅವುಗಳ ಒಳಗೆ ನಡೆಯುವ ಪಾಠದ ಕ್ರಮ, ಶಿಸ್ತು, ಕಾಳಜಿಗಳು ಹೊರಗಿನ ಸಾಮಾನ್ಯ ಶಾಲೆಗಳಿಗೆ ಪ್ರತಿಯಾಗಿ ಹೋಗುವ ಕೆಲಸ ಇನ್ನೂ ಬಾಕಿ ಇದೆ.

ಸ್ಥಳೀಯ ಕುಟುಂಬಗಳ ಲೆಕ್ಕಾಚಾರ ದೂರದವರದಕ್ಕಿಂತ ಭಿನ್ನ. ಮೂಡುಬಿದಿರೆ ಪೇಟೆಯಲ್ಲಿ ಹಳೆಯದಾದ ಜೈನ ಪ್ರೌಢಶಾಲೆ, ಬಾಬು ರಾಜೇಂದ್ರ ಪ್ರಸಾದ್ ಪ್ರೌಢಶಾಲೆ, ರೋಟರಿ ಆಂಗ್ಲ ಮಾಧ್ಯಮ ಶಾಲೆ, ಸರ್ಕಾರಿ ಶಾಲೆಗಳು ಹೀಗೆ ಹಲವು ಬಾಗಿಲುಗಳಿವೆ. ಸುತ್ತಲಿನ ಹಳ್ಳಿಗಳಲ್ಲಿ ಅಡಿಕೆ ತೋಟ, ಗೇರುಬೀಜದ ಕಾರ್ಖಾನೆ, ಗಲ್ಫ್ ಅಥವಾ ಮುಂಬಯಿಯಿಂದ ಬರುವ ಹಣ ಕೆಲವು ಮನೆಗಳನ್ನು ನಡೆಸಿದರೆ, ಇನ್ನು ಎಷ್ಟೋ ಮನೆಗಳ ಖರ್ಚು ಬೀಡಿಯ ಮೇಲೆ ನಿಂತಿದೆ. ಅಂಥ ಮನೆಯ ತಾಯಿ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು, ಕತ್ತರಿಸಿದ ಎಲೆಯ ಮೇಲೆ ಹೊಗೆಸೊಪ್ಪಿನ ಪುಡಿ ಹರಡಿ, ಸುರುಳಿ ಸುತ್ತಿ, ನೂಲು ಬಿಗಿದು, ತುದಿಯನ್ನು ಉಗುರಿನಿಂದ ಮಡಚಿ ಕೆಳಗಿಡುವಷ್ಟರಲ್ಲಿ ಮತ್ತೊಂದು ಎಲೆ ಬೆರಳಿಗೆ ಬಂದಿರುತ್ತದೆ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ದರೆ ಸಾವಿರದ ಲೆಕ್ಕದಲ್ಲಿ ಮಜೂರಿ. ಆ ಮಜೂರಿಯಲ್ಲಿ ಶಾಲಾ ವ್ಯಾನಿನ ತಿಂಗಳ ಬಾಡಿಗೆ ತೆಗೆಯಬಹುದೇ, ಮಗಳು ಸಂಜೆ ಬಸ್ಸಿನಿಂದ ಇಳಿಯುವಾಗ ಕತ್ತಲಾಗುತ್ತದೆಯೇ, ಮಳೆಗಾಲದಲ್ಲಿ ತೋಡು ದಾಟಿಸಲು ಯಾರಿದ್ದಾರೆ, ತಮ್ಮನನ್ನೂ ಅದೇ ಶಾಲೆಗೆ ಹಾಕಲು ಮುಂದಿನ ವರ್ಷ ಆಗುತ್ತದೆಯೇ ಎಂಬ ಪ್ರಶ್ನೆಗಳೇ ಆ ಮನೆಯಲ್ಲಿ ಶಾಲೆಯ ಆಯ್ಕೆಯನ್ನು ನಿರ್ಧರಿಸುತ್ತವೆ. ಫಲಿತಾಂಶದ ಶೇಕಡಾವಾರು ಆಮೇಲಿನ ಮಾತು.

ಇಂಥ ಮನೆಗಳಿಗೆ ಸರ್ಕಾರಿ ವಸತಿ ಶಾಲೆಯ ಆಸೆ ಸಹಜ. ಐದನೆಯ ತರಗತಿಯ ಶಿಕ್ಷಕಿಯನ್ನು ಶಾಲೆಯ ಜಗಲಿಯಲ್ಲಿ ತಡೆದು, "ಇವನನ್ನು ನವೋದಯಕ್ಕೆ ಬರೆಸಬಹುದಾ ಟೀಚರೇ?" ಎಂದು ಕೇಳುವ ತಾಯಂದಿರು ಈ ತಾಲ್ಲೂಕುಗಳ ಪ್ರತಿ ಶಾಲೆಯಲ್ಲೂ ಸಿಗುತ್ತಾರೆ. ಮೂಡುಬಿದಿರೆಯಿಂದ ಸಿದ್ದಕಟ್ಟೆಯ ದಾರಿಯಾಗಿ ಬಂಟ್ವಾಳಕ್ಕೆ ಇಳಿದು, ನೇತ್ರಾವತಿಯನ್ನು ದಾಟಿ ಮುಂದುವರಿದರೆ, ಮೊದಲು ಬಂಟ್ವಾಳ ತಾಲ್ಲೂಕಿಗೆ ಸೇರಿದ್ದು ಈಗ ಉಳ್ಳಾಲ ತಾಲ್ಲೂಕಿನಲ್ಲಿರುವ ಮುಡಿಪು ಸಿಗುತ್ತದೆ. ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇರುವುದು ಅಲ್ಲಿ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಬೆಳೆದ ಈ ವಸತಿ ಶಾಲೆಗಳು ಕೇಂದ್ರ ಸರ್ಕಾರದವು. ಗ್ರಾಮೀಣ ಪ್ರತಿಭೆಗೆ ಒಳ್ಳೆಯ ಶಿಕ್ಷಣ ದೊರಕಿಸುವುದು ಅವುಗಳ ಘೋಷಿತ ಉದ್ದೇಶವಾದ್ದರಿಂದ ಸ್ಥಾನಗಳಲ್ಲಿ ಕನಿಷ್ಠ ಶೇಕಡ 75 ಗ್ರಾಮೀಣ ಮಕ್ಕಳಿಗೆ, ಮೂರನೆಯ ಒಂದು ಭಾಗ ಹೆಣ್ಣುಮಕ್ಕಳಿಗೆ ಮೀಸಲು. ಒಂದು ವಿದ್ಯಾಲಯದ ಆರನೆಯ ತರಗತಿಗೆ ಗರಿಷ್ಠ 80 ಮಕ್ಕಳು; ಇಡೀ ಜಿಲ್ಲೆಯ ಮಕ್ಕಳ ನಡುವೆ ಹಂಚಿಕೆಯಾಗುವುದು ಇಷ್ಟೇ.

ಆ ಪರೀಕ್ಷೆಯ ಸ್ವರೂಪವನ್ನು ಹತ್ತಿರದಿಂದ ನೋಡಿದರೆ ಅದು ಮಗುವಿನಿಂದ ಏನನ್ನು ಕೇಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆಗಳು ಮಾನಸಿಕ ಸಾಮರ್ಥ್ಯಕ್ಕೆ ಸಂಬಂಧಿಸಿದವು. ಗುಂಪಿಗೆ ಸೇರದ ಚಿತ್ರವನ್ನು ಗುರುತಿಸುವುದು, ಕನ್ನಡಿಯಲ್ಲಿ ಆಕೃತಿ ಹೇಗೆ ಕಾಣುತ್ತದೆಂದು ಹೇಳುವುದು, ಮಡಚಿ ತೂತು ಮಾಡಿದ ಕಾಗದವನ್ನು ಬಿಚ್ಚಿದಾಗ ತೂತುಗಳು ಎಲ್ಲೆಲ್ಲಿ ಬರುತ್ತವೆಂದು ಊಹಿಸುವುದು ಇತ್ಯಾದಿ. ಉಳಿದಂತೆ 20 ಪ್ರಶ್ನೆ ಗಣಿತದ್ದು, 20 ಪ್ರಶ್ನೆ ಗದ್ಯಭಾಗ ಓದಿ ಉತ್ತರಿಸುವ ಭಾಷೆಯದ್ದು. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಉತ್ತರಗಳನ್ನು ಓಎಂಆರ್ ಹಾಳೆಯಲ್ಲಿ, ಅಂದರೆ ಯಂತ್ರ ಓದುವ ಸಣ್ಣ ವೃತ್ತಗಳಲ್ಲಿ, ಪೆನ್ನಿನಿಂದ ತುಂಬಬೇಕು. ಸರಾಸರಿ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಒಂದು ವೃತ್ತ ತಪ್ಪಿದರೆ ಮುಂದಿನ ಸಾಲೆಲ್ಲ ಜಾರುವ ಅಪಾಯ. ಒಮ್ಮೆ ಬರೆದವರಿಗೆ ಮತ್ತೆ ಅವಕಾಶವಿಲ್ಲ. ಕನ್ನಡಿಯ ಚಿತ್ರ, ಕಾಗದದ ತೂತು ಇವು ಐದನೆಯ ತರಗತಿಯ ಪಾಠದಲ್ಲಿ ಇಲ್ಲದ್ದರಿಂದ ಅವುಗಳ ಅಭ್ಯಾಸ ಮಾಡಿಸುವ ಪುಸ್ತಕ, ತರಬೇತಿ ತರಗತಿ, ರಜಾ ಶಿಬಿರಗಳು ಹುಟ್ಟಿಕೊಂಡಿವೆ. ಅಭ್ಯಾಸ ಮಾಡಿಸುವ ಶಿಕ್ಷಕರೋ ಖರ್ಚು ಮಾಡಬಲ್ಲ ತಂದೆಯೋ ಇರುವ ಮಗುವಿಗೆ ಅನುಕೂಲ ಹೆಚ್ಚು. ಬಡವರ ಪ್ರತಿಭೆಯನ್ನು ಹುಡುಕಲು ರೂಪಿಸಿದ ಜರಡಿಯಲ್ಲೂ ಹೀಗೆ ಉಳ್ಳವರ ಕಡೆಗೆ ಒಂದು ಸಣ್ಣ ವಾಲು ಉಳಿದುಬಿಡುತ್ತದೆ.

ರಾಜ್ಯ ಸರ್ಕಾರದ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಡಾ. ಬಿ. ಆರ್. ಅಂಬೇಡ್ಕರ್ ಮೊದಲಾದ ವಸತಿ ಶಾಲೆಗಳಿಗೂ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯೇ ದಾರಿ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಲ್ಪಸಂಖ್ಯಾತ ಸಮುದಾಯಗಳ ಸಾವಿರಾರು ಮಕ್ಕಳಿಗೆ ಇವು ಬದುಕನ್ನೇ ಬದಲಿಸಿಕೊಟ್ಟಿವೆ. ಇದರ ಜೊತೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನಿಟ್ಟು ನೋಡಿದರೆ ಒಂದು ಬಿಕ್ಕಟ್ಟು ಗೋಚರಿಸುತ್ತದೆ. ಒಂದರಿಂದ ಎಂಟನೆಯ ತರಗತಿಯವರೆಗಿನ ಶಿಕ್ಷಣವನ್ನು ಮಗುವಿನ ಹಕ್ಕೆಂದು ಸಾರಿದ ಆ ಕಾಯ್ದೆಯ 13ನೆಯ ಸೆಕ್ಷನ್, ಪ್ರವೇಶದ ವೇಳೆ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆಯ್ದುಕೊಳ್ಳಬಾರದೆನ್ನುತ್ತದೆ. ಹಕ್ಕು ಎಂದಾದ ಮೇಲೆ ಅದಕ್ಕೆ ಅರ್ಹತೆಯ ಪರೀಕ್ಷೆ ಇರಬಾರದೆಂಬುದು ಅದರ ತಿರುಳು. ಇರುವ ಕೆಲವೇ ಒಳ್ಳೆಯ ಸ್ಥಾನಗಳನ್ನು ಹಂಚಲು ಪರೀಕ್ಷೆಗಿಂತ ನ್ಯಾಯವಾದ ಉಪಾಯ ಸುಲಭವಾಗಿ ಸಿಗುವುದಿಲ್ಲವೆಂಬುದೂ ಅಷ್ಟೇ ನಿಜ. ಹಣ ಅಥವಾ ಶಿಫಾರಸ್ಸಿಗಿಂತ ಪರೀಕ್ಷೆ ಎಷ್ಟೋ ಮೇಲು. ಈ ತೊಡಕು ಕರಾವಳಿಗಷ್ಟೇ ಸೇರಿದ್ದಲ್ಲ. ಇಂಗ್ಲೆಂಡ್ 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದರ ಪ್ರಾಯದಲ್ಲಿ ಪರೀಕ್ಷೆ ನಡೆಸಿ ಮಕ್ಕಳನ್ನು ಗ್ರಾಮರ್ ಶಾಲೆ ಮತ್ತು ಇತರ ಶಾಲೆಗಳಿಗೆ ವಿಂಗಡಿಸಿತು. ಅಷ್ಟು ಎಳೆಯ ವಯಸ್ಸಿನ ವಿಂಗಡಣೆ ಉಳಿದವರ ಮೇಲೆ ಸೋಲಿನ ಮುದ್ರೆ ಒತ್ತುತ್ತದೆಂಬ ಅರಿವಿನಿಂದ 1965ರ ಬಳಿಕ ಬಹುತೇಕ ಕಡೆ ಎಲ್ಲರನ್ನೂ ಒಳಗೊಳ್ಳುವ ಶಾಲೆಗಳತ್ತ ಹೊರಳಿತು, ಆದರೂ 163 ಗ್ರಾಮರ್ ಶಾಲೆಗಳು ಉಳಿದಿವೆ. ನ್ಯೂಯಾರ್ಕಿನಲ್ಲಿ ಸ್ಟೈವೆಸಂಟ್‌ನಂಥ ಕೆಲವು ಸಾರ್ವಜನಿಕ ಪ್ರೌಢಶಾಲೆಗಳಿಗೆ ಒಂದೇ ಪರೀಕ್ಷೆಯ ಅಂಕದ ಮೇಲೆ ಪ್ರವೇಶ ನೀಡಬೇಕೆಂದು 1971ರ ಕಾನೂನು ವಿಧಿಸಿದ್ದು, ಅಲ್ಲಿನ ಹೆತ್ತವರೂ ಆರನೆಯ ತರಗತಿಯ ಶಾಲೆಯನ್ನು ಆ ಪರೀಕ್ಷೆಯನ್ನು ಕಣ್ಣಮುಂದಿಟ್ಟುಕೊಂಡೇ ಆರಿಸುತ್ತಾರೆ.

ತುಳುನಾಡಿನಲ್ಲಿ ಈ ಆಯ್ಕೆಗೆ ಭಾಷೆಯ ಒಂದು ಆಯಾಮವೂ ಸೇರಿದೆ. ಇಲ್ಲಿನ ಹೆಚ್ಚಿನ ಮಕ್ಕಳ ಮನೆಮಾತು ತುಳು. ಕೊಂಕಣಿ, ಬ್ಯಾರಿ ಆಡುವ ಮನೆಗಳೂ ಬಹಳ. ಆದ್ದರಿಂದ ಕನ್ನಡ ಅವರಿಗೆ ಮೊದಲಿನಿಂದಲೂ ಶಾಲೆಯಲ್ಲಿ ಕಲಿತು ತಮ್ಮದಾಗಿಸಿಕೊಂಡ ಭಾಷೆ, ಯಕ್ಷಗಾನದ ಮಾತುಗಾರಿಕೆಯಿಂದ ಕಿವಿಗೆ ಬಿದ್ದ ಭಾಷೆ. ಶಿಕ್ಷಣದ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರ ಮೇ ತಿಂಗಳಲ್ಲಿ ತೀರ್ಪಿತ್ತ ಮೇಲೆ ಆಂಗ್ಲ ಮಾಧ್ಯಮದ ಕಡೆಗಿನ ಹರಿವಿಗೆ ತಡೆಯೇ ಉಳಿಯಲಿಲ್ಲ. 2019-20ರಲ್ಲಿ ಸರ್ಕಾರವೇ ತನ್ನ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳನ್ನು ತೆರೆಯಿತು. 1995ರ ನಂತರ ಆರಂಭವಾದ ಖಾಸಗಿ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ, ಅಂದರೆ ಶಿಕ್ಷಕರ ಸಂಬಳವನ್ನು ಸರ್ಕಾರ ಭರಿಸುವ ವ್ಯವಸ್ಥೆ, ದೊರೆಯದೆ ಅವು ಸೊರಗಿದವು. ಇಂಥ ಕಾಲದಲ್ಲಿ ಕನ್ನಡ ಮಾಧ್ಯಮದ ಶಾಲೆಯೊಂದರ ಬಾಗಿಲಲ್ಲಿ ಸಾವಿರಾರು ಮಕ್ಕಳು ಸಾಲುಗಟ್ಟುವ ಮೂಡುಬಿದಿರೆಯ ದೃಶ್ಯ ಒಂದು ಸತ್ಯವನ್ನು ಸಾಬೀತುಪಡಿಸುತ್ತದೆ. ಹೆತ್ತವರು ಬಿಟ್ಟು ಓಡುತ್ತಿರುವುದು ಕನ್ನಡವನ್ನಲ್ಲ, ಶಿಕ್ಷಕರಿಲ್ಲದ ತರಗತಿಯನ್ನು. ಗುಣಮಟ್ಟದ ಭರವಸೆ ದೊರೆತಲ್ಲಿ ಅವರು ಕನ್ನಡದ ಶಾಲೆಯನ್ನೂ ಹುಡುಕಿಕೊಂಡು ಬರುತ್ತಾರೆ.

ಬಂಟ್ವಾಳ ತಾಲ್ಲೂಕಿನ ಮೂಡನಡುಗೋಡು ಗ್ರಾಮದ ದಡ್ಡಲಕಾಡಿನ ಸರ್ಕಾರಿ ಶಾಲೆ ಇದೇ ಮಾತನ್ನು ಇನ್ನೊಂದು ದಿಕ್ಕಿನಿಂದ ಹೇಳುತ್ತದೆ. ಮಕ್ಕಳ ಸಂಖ್ಯೆ ಕುಸಿದು ಮುಚ್ಚುವ ಹಂತಕ್ಕೆ ಬಂದಿದ್ದ ಈ ಶಾಲೆಯನ್ನು ಊರಿನ ಯುವಕರ ಸಂಘಟನೆಯಿಂದ ಬೆಳೆದ ಶ್ರೀ ದುರ್ಗಾ ಚಾರಿಟೇಬಲ್ ಟ್ರಸ್ಟ್ ದತ್ತು ತೆಗೆದುಕೊಂಡು, ಕಟ್ಟಡ ಕಟ್ಟಿಸಿ, ವಾಹನದ ವ್ಯವಸ್ಥೆ ಮಾಡಿ, ಆಂಗ್ಲ ಭಾಷೆಯ ಕಲಿಕೆಗೆ ಅನುವು ಮಾಡಿಕೊಟ್ಟಿತು. ಬೆರಳೆಣಿಕೆಯ ಮಕ್ಕಳಿದ್ದ ಶಾಲೆಗೆ ನೂರಾರು ಮಕ್ಕಳು ಮರಳಿದರು. ಅಲ್ಲಿ ಪ್ರವೇಶ ಪರೀಕ್ಷೆ ಇಲ್ಲ, ದೂರದ ಹಾಸ್ಟೆಲ್ ಇಲ್ಲ. ಸಂಜೆ ಮಗು ಮನೆಗೆ ಬರುತ್ತದೆ. ಇದೇ ನಿಟ್ಟಿನ ಸರ್ಕಾರಿ ಪ್ರಯತ್ನ 2018-19ರಲ್ಲಿ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳದು. ಪೂರ್ವಪ್ರಾಥಮಿಕದಿಂದ ಪಿಯುಸಿಯವರೆಗೆ ಒಂದೇ ಆವರಣದಲ್ಲಿ ಓದಿಸುವ ಈ ಮಾದರಿಯ ಶಾಲೆಯೊಂದು ಪುಂಜಾಲಕಟ್ಟೆಯಲ್ಲಿದೆ. ಐದಕ್ಕೊಮ್ಮೆ, ಏಳಕ್ಕೊಮ್ಮೆ, ಹತ್ತಕ್ಕೊಮ್ಮೆ ವರ್ಗಾವಣೆ ಪತ್ರ ಹಿಡಿದು ಹೊಸ ಬಾಗಿಲು ತಟ್ಟುವ ಪಾಡು ಅಲ್ಲಿನ ಮಗುವಿಗೆ ತಪ್ಪುತ್ತದೆ. ಇಂಥ ಶಾಲೆಗಳಿಗಾಗಿ ಸುತ್ತಲಿನ ಸಣ್ಣ ಶಾಲೆಗಳನ್ನು ಬರಿದು ಮಾಡದಿರುವುದು, ಹುದ್ದೆಗಳನ್ನು ಖಾಲಿ ಬಿಡದಿರುವುದು ಅವುಗಳ ಯಶಸ್ಸಿಗೆ ಅಗತ್ಯ.

ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆ, ಗುರುವಾಯನಕೆರೆಗಳ ಮೂಲಕ ಬೆಳ್ತಂಗಡಿ, ಉಜಿರೆಗಳನ್ನು ಮುಟ್ಟುವ ಹೆದ್ದಾರಿಯಲ್ಲಿ ಧರ್ಮಸ್ಥಳದ ಕಡೆಗೆ ಓಡುವ ಸರ್ಕಾರಿ ಬಸ್ಸುಗಳು ಧಾರಾಳ. ಮಹಿಳೆಯರಿಗೆ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಜಾರಿಯಾದ ಮೇಲೆ ಈ ದಾರಿಯ ಹೆಣ್ಣುಮಕ್ಕಳಿಗೆ ಶಾಲೆಯ ಆಯ್ಕೆ ತುಸು ವಿಸ್ತರಿಸಿತು. ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ಒಳದಾರಿಗಳ ಮಕ್ಕಳಿಗೆ ಆ ಲಾಭ ಅಷ್ಟಾಗಿ ತಲುಪಲಿಲ್ಲ. ಶಾಲೆಯ ಗುಣಮಟ್ಟವನ್ನು ಚರ್ಚಿಸುವವರು ಬಸ್ಸಿನ ವೇಳಾಪಟ್ಟಿಯನ್ನೂ ಶಿಕ್ಷಣ ನೀತಿಯ ಭಾಗವಾಗಿ ನೋಡಬೇಕೆಂಬುದಕ್ಕೆ ಇದು ನಿದರ್ಶನ. ಉಜಿರೆಯಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಸ್ಥಾಪಿಸಿದ ಸಿದ್ಧವನ ಗುರುಕುಲ ಇಂದಿಗೂ ನಡೆಯುತ್ತಿದೆ. ಬಡ ವಿದ್ಯಾರ್ಥಿಗಳಿಗೆ ಊಟ ವಸತಿ ಕೊಟ್ಟು, ಓದಿನ ಜೊತೆಗೆ ಶ್ರಮದ ಅಭ್ಯಾಸ ಮಾಡಿಸುವ ಆ ಪರಂಪರೆಯ ನೆರಳಿನಲ್ಲೇ ಊರಿನ ಇತರ ವಿದ್ಯಾಸಂಸ್ಥೆಗಳು ಬೆಳೆದವು. ಬಂಟ್ವಾಳ ತಾಲ್ಲೂಕಿನ ಅಳಿಕೆಯಲ್ಲಿ ಮಡಿಯಾಲ ನಾರಾಯಣ ಭಟ್ಟರು ಕಟ್ಟಿದ ಸತ್ಯಸಾಯಿ ವಿದ್ಯಾಸಂಸ್ಥೆಯೂ ಇದೇ ಬಗೆಯ ಸೇವಾಭಾವದ ಫಲ.

ಈ ಸೀಮೆಯ ಶಿಕ್ಷಣದ ಕಥೆಯನ್ನು ದೊಡ್ಡ ಹೆಸರುಗಳಿಗೆ ಮಾತ್ರ ಕಟ್ಟಿಹಾಕಿದರೆ ಅರ್ಧ ಸತ್ಯ ಬಿಟ್ಟುಹೋಗುತ್ತದೆ. ಬಾಸೆಲ್ ಮಿಶನ್ನಿನ ಶಾಲೆಗಳು, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಕುದ್ಮುಲ್ ರಂಗರಾಯರು ಎಲ್ಲ ವಿರೋಧಗಳನ್ನೂ ಎದುರಿಸಿ ದಲಿತ ಮಕ್ಕಳಿಗಾಗಿ ಮಂಗಳೂರಿನಲ್ಲಿ ತೆರೆದ ಶಾಲೆಗಳು, ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಕಾಲದ ಬೋರ್ಡ್ ಹೈಸ್ಕೂಲುಗಳು, ಗುತ್ತಿನ ಮನೆಯವರು ಬಿಟ್ಟುಕೊಟ್ಟ ಜಾಗದಲ್ಲಿ ಒಬ್ಬಿಬ್ಬರು ಮಾಷ್ಟ್ರುಗಳು ಮುಳಿಹುಲ್ಲಿನ ಮಾಡು ಹಾಕಿ ಆರಂಭಿಸಿದ ಅನುದಾನಿತ ಶಾಲೆಗಳು, ಇವೆಲ್ಲ ಸೇರಿ ಹಳ್ಳಿಹಳ್ಳಿಗೆ ಅಕ್ಷರವನ್ನು ಒಯ್ದವು. 2025ರಲ್ಲಿ ಜಿಲ್ಲೆಯ ನೂರಕ್ಕೆ 91 ಮಕ್ಕಳು ಹತ್ತನೆಯ ತರಗತಿಯನ್ನು ದಾಟಿದ್ದರೆ ಅದರ ಶ್ರೇಯಸ್ಸಿನ ಬಹುಪಾಲು ಸಲ್ಲಬೇಕಾದದ್ದು ಯಾರನ್ನೂ ಆಯ್ದುಕೊಳ್ಳದ, ಬಾಗಿಲಿಗೆ ಬಂದ ಮಗುವನ್ನೆಲ್ಲ ಒಳಗೆ ಕರೆದ ಈ ಸಾಮಾನ್ಯ ಶಾಲೆಗಳಿಗೆ. ಆಯ್ಕೆಯ ಶಾಲೆಗಳಲ್ಲಿ ಸ್ಥಾನ ಪಡೆಯುವವರು ನೂರರ ಲೆಕ್ಕದವರು. ಪ್ರತಿವರ್ಷ ಪರೀಕ್ಷೆಗೆ ಕೂರುವ ಜಿಲ್ಲೆಯ ಮಕ್ಕಳು ಸಾವಿರಗಳ ಲೆಕ್ಕದವರು.

ಹೆತ್ತವರು ಶಾಲೆಗಳನ್ನು ತೂಗಿ ನೋಡುವಾಗ ನೆನಪಿಡಬೇಕಾದ ಅಂಶವೊಂದು ಇಲ್ಲಿಂದಲೇ ಹೊರಡುತ್ತದೆ. ಪರೀಕ್ಷೆ ನಡೆಸಿ ಬುದ್ಧಿವಂತ ಮಕ್ಕಳನ್ನು ಆರಿಸಿಕೊಂಡ ಶಾಲೆಯಲ್ಲಿ ಫಲಿತಾಂಶ ಚೆನ್ನಾಗಿರುವುದು ಸ್ವಲ್ಪಮಟ್ಟಿಗೆ ಆಯ್ಕೆಯ ಪರಿಣಾಮ, ಸ್ವಲ್ಪಮಟ್ಟಿಗೆ ಪಾಠದ ಪರಿಣಾಮ. ಇವೆರಡನ್ನೂ ಬೇರ್ಪಡಿಸದೆ ಫಲಕದ ಮೇಲಿನ ಶೇಕಡಾವಾರನ್ನು ಮಾತ್ರ ಓದಿದರೆ ಶಾಲೆಯ ನಿಜವಾದ ಶಕ್ತಿ ತಿಳಿಯುವುದಿಲ್ಲ. ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವಿಗೆ ಶಾಲೆ ಏನು ಮಾಡುತ್ತದೆ, ಎಂಟರಲ್ಲಿ ಸೇರಿದವರೆಲ್ಲ ಹತ್ತನ್ನು ಅಲ್ಲೇ ಮುಗಿಸುತ್ತಾರೆಯೇ, ಗಣಿತ ವಿಜ್ಞಾನಗಳಿಗೆ ಕಾಯಂ ಶಿಕ್ಷಕರಿದ್ದಾರೆಯೇ ಅಥವಾ ವರ್ಷವರ್ಷ ಬದಲಾಗುವ ಅತಿಥಿ ಶಿಕ್ಷಕರೇ, ಆಟದ ಬಯಲಿನಲ್ಲಿ ಮಕ್ಕಳು ನಿಜವಾಗಿ ಆಡುತ್ತಾರೆಯೇ ಎಂಬ ಪ್ರಶ್ನೆಗಳು ಹೆಚ್ಚು ಸತ್ಯವನ್ನು ಹೇಳುತ್ತವೆ. ಹತ್ತರ ಪ್ರಾಯದಲ್ಲಿ ಮನೆ ಬಿಡುವುದು ಕೆಲವು ಮಕ್ಕಳನ್ನು ಗಟ್ಟಿಗೊಳಿಸಿದರೆ, ಕೆಲವರು ಒಳಗೊಳಗೇ ಬಾಡುತ್ತಾರೆ. ಇದನ್ನು ತಿಳಿಯಲು ಮಗುವನ್ನೇ ಕೇಳಬೇಕು, ಕೇಳಿದ ಮೇಲೆ ಅದರ ಉತ್ತರಕ್ಕೆ ಬೆಲೆ ಕೊಡಬೇಕು. ಆಯ್ಕೆಯಾಗದ ಮಗುವಿಗೆ, ಆ ಪರೀಕ್ಷೆ ಸ್ಥಾನಗಳ ಕೊರತೆಯನ್ನು ಅಳೆದದ್ದೇ ಹೊರತು ಅದರ ಯೋಗ್ಯತೆಯನ್ನಲ್ಲ ಎಂಬುದನ್ನು ಮನಮುಟ್ಟುವಂತೆ ಹೇಳುವ ಹೊಣೆಯೂ ದೊಡ್ಡವರದೇ.

ಒಬ್ಬೊಬ್ಬ ತಂದೆತಾಯಿಯ ಎಚ್ಚರದಿಂದ ಮಾತ್ರ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳು ಆರರಿಂದ ಎಂಟನೆಯ ತರಗತಿಯ ಶಾಲೆ ಮಗುವಿನ ಮನೆಯಿಂದ ಮೂರು ಕಿಲೋಮೀಟರಿನೊಳಗೆ ಇರಬೇಕೆನ್ನುತ್ತವೆ. ಆ ಶಾಲೆ ಇದ್ದರೆ ಸಾಲದು, ವಿಷಯಕ್ಕೊಬ್ಬ ಶಿಕ್ಷಕರಿರುವ, ಪ್ರಯೋಗಾಲಯದ ಬೀಗ ತೆರೆಯುವ, ತುಳು ಮಾತಾಡುವ ಮಗುವೂ ಕನ್ನಡ ಇಂಗ್ಲಿಷ್ ಎರಡನ್ನೂ ಅಂಜಿಕೆಯಿಲ್ಲದೆ ಕಲಿಯುವ ಶಾಲೆಯಾಗಿರಬೇಕು. ಮೂಡುಬಿದಿರೆಯ ಸುತ್ತಮುತ್ತಲಿನ ಹೆಸರಾಂತ ಸಂಸ್ಥೆಗಳು ತಮ್ಮ ಅನುಭವವನ್ನು ಪಕ್ಕದ ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯೊಡನೆ ಹಂಚಿಕೊಂಡರೆ, ಹಳೆವಿದ್ಯಾರ್ಥಿಗಳೂ ಶಾಲಾಭಿವೃದ್ಧಿ ಸಮಿತಿಗಳೂ ದಡ್ಡಲಕಾಡಿನವರ ದಾರಿ ಹಿಡಿದರೆ, ಸರ್ಕಾರ ಶಿಕ್ಷಕರ ಹುದ್ದೆಗಳನ್ನು ಕಾಲಕಾಲಕ್ಕೆ ತುಂಬಿದರೆ ಈ ಮೂರು ತಾಲ್ಲೂಕುಗಳಲ್ಲಿ ಅದು ಕೈಗೆಟುಕದ ಮಾತಲ್ಲ. ಅದಕ್ಕೆ ಬೇಕಾದ ಪರಂಪರೆ ಇಲ್ಲಿದೆ, ಮನಸ್ಸೂ ಇದೆ. ಕೊಪ್ಪಳ, ಕಲಬುರಗಿಗಳ ಹಳ್ಳಿಗಳಿಗೂ ಅಂಥ ಶಾಲೆ ತಲುಪಬೇಕು. ಆಯ್ಕೆ ಪರೀಕ್ಷೆಗಳು ಆಗಲೂ ಇರಬಹುದು. ಆದರೆ ಅವುಗಳ ಪಟ್ಟಿಯಲ್ಲಿ ಹೆಸರು ಬಾರದ ಮಗುವಿನ ಮನೆಯಲ್ಲಿ ಊರ ಶಾಲೆಗೆ ಹೋಗುವುದೆಂದರೆ ಸೋಲೆಂಬ ಭಾವನೆ ಇರುವುದಿಲ್ಲ. ಜಿಲ್ಲೆಯೊಂದರ ಶಿಕ್ಷಣವನ್ನು ಅಳೆಯಬೇಕಾದದ್ದು ಆಯ್ಕೆಯಾಗದ ಆ ಮಗು ಮರುದಿನ ಹೋಗುವ ಶಾಲೆಯಿಂದ.